ಗೇಟಿನ ಕ್ಯಾಮರಾ ನಂಬರ್ ಓದಬೇಕೇ?

ಜುಮಾ ನಮಾಝ್ ಮುಗಿಸಿ ಹೊರಬರುವಷ್ಟರಲ್ಲಿ ಗೇಟಿನ ಬಳಿ ನಿಲ್ಲಿಸಿದ್ದ ಬೈಕ್ ಮಾಯವಾಗಿರುತ್ತದೆ. ಕಮಿಟಿಯವರು ಕ್ಯಾಮರಾದ ದೃಶ್ಯ ತೆಗೆಸಿ ನೋಡುತ್ತಾರೆ. ಒಂದು ಮಸುಕಾದ ಆಕೃತಿ, ನಂಬರ್ ಇರಬೇಕಾದಲ್ಲಿ ಒಂದು ಬಿಳಿ ಚುಕ್ಕೆ. ಅಂದು ಇಶಾ ನಮಾಝಿನ ನಂತರ ಮಾತುಕತೆ ನಡೆದು ಯಾರೋ ಒಬ್ಬರು ಹೇಳುತ್ತಾರೆ: "ಈಗ ಗಾಡಿ ನಂಬರನ್ನು ತಾನೇ ಓದಿ ಬರೆದಿಡುವ ಕ್ಯಾಮರಾ ಬಂದಿದೆಯಂತೆ, ಅದನ್ನೇ ಹಾಕಿಸೋಣ." ಇಂತಹ ಮಾತು ನಮ್ಮ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಮಸೀದಿ, ಶಾದಿ ಮಹಲ್, ಶಾಲೆ, ಅಂಗಡಿಗಳಲ್ಲಿ ನೀವೂ ಕೇಳಿರಬಹುದು. ಹಣ ತೆಗೆಯುವ ಮೊದಲು ಸ್ವಲ್ಪ ಯೋಚಿಸುವುದು ಒಳ್ಳೆಯದು. ಯಾಕೆಂದರೆ ಇದು ಜಮಾಅತಿನ ಹಣ.

ಮೊಟ್ಟಮೊದಲು ಒಂದು ಸರಳ ಪ್ರಶ್ನೆ. ಕಳುವಾದ ಬೈಕಿನ ನಂಬರ್ ಅದರ ಮಾಲೀಕನಿಗೆ ಬಾಯಿಪಾಠವೇ ಇರುತ್ತದೆ. ಕ್ಯಾಮರಾ ಅದನ್ನು ಓದಿ ಹೇಳಿದರೆ ಹೊಸತಾಗಿ ತಿಳಿಯುವುದೇನು? ಅದು ಹೊರಟುಹೋದ ಹೊತ್ತು ಮಾತ್ರ. ಬೈಕ್ ಕಳ್ಳತನದಲ್ಲಿ ನಮಗೆ ಬೇಕಾಗಿರುವುದು ಮುಖ, ನಂಬರ್ ಅಲ್ಲ. ಬಕ್ರೀದ್ ಹತ್ತಿರ ಬಂದಾಗ ರಾತ್ರಿ ದೊಡ್ಡಿಯಿಂದ ಕುರಿ ಹೊತ್ತೊಯ್ಯುವ ಪಿಕಪ್ ಗಾಡಿಯ ವಿಷಯ ಬೇರೆ. ಅಲ್ಲಿ ನಂಬರೇ ಬೇಕು. ಗುದ್ದಿ ಓಡಿಹೋದ ವಾಹನದ್ದೂ ಹಾಗೆಯೇ. ಆದ್ದರಿಂದ ನಿಮ್ಮ ಗೇಟಿನಲ್ಲಿ ಯಾವುದರ ಭಯ ಇದೆ ಎಂದು ಮೊದಲು ತೀರ್ಮಾನಿಸಿ, ಅಂಗಡಿಯವನ ಬಳಿ ಆಮೇಲೆ ಹೋಗಿ.

ಎರಡು ಸಂಗತಿಗಳನ್ನು ಜನ ಒಂದೇ ಎಂದು ತಿಳಿದಿದ್ದಾರೆ. ದೃಶ್ಯದಲ್ಲಿ ನಂಬರ್ ನಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಒಂದು. ಯಂತ್ರವೇ ಅದನ್ನು ಓದಿ, ಪ್ರತಿ ವಾಹನದ ಪಟ್ಟಿ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಸಾಮಾನ್ಯ ಕ್ಯಾಮರಾವನ್ನೇ ಸರಿಯಾದ ಲೆನ್ಸ್ ಹಾಕಿ, ಸರಿಯಾದ ಜಾಗದಲ್ಲಿ ಕೂರಿಸಿದರೆ ಸಾಕು. ಎರಡನೆಯದಕ್ಕೆ ಬೇರೆ ಕ್ಯಾಮರಾ, ಬೇರೆ ಸಾಫ್ಟ್‌ವೇರ್ ಬೇಕು, ಖರ್ಚು ಹಲವು ಪಟ್ಟು. ಯಂತ್ರ ನಂಬರ್ ಓದಿದ ಕೂಡಲೇ ಮಾಲೀಕನ ಹೆಸರೂ ಬರುತ್ತದೆ ಎಂದು ಕೆಲವರು ನಂಬಿದ್ದಾರೆ. ಹಾಗೇನೂ ಇಲ್ಲ. ಆ ಮಾಹಿತಿ ಸಾರಿಗೆ ಇಲಾಖೆಯ 'ವಾಹನ್' ದಾಖಲೆಯಲ್ಲಿದೆ, ಮಸೀದಿಯ ಕೋಣೆಯಲ್ಲಿರುವ ಡಬ್ಬಿಗೆ ಅಲ್ಲಿಗೆ ದಾರಿಯಿಲ್ಲ.

ಹಾಗಾದರೆ ಹಾಕಿದ ಕ್ಯಾಮರಾದಲ್ಲಿ ನಂಬರ್ ಏಕೆ ಕಾಣುವುದಿಲ್ಲ? ಲೆಕ್ಕ ಮಾಡಿ ನೋಡೋಣ, ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ. 2 ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರದಲ್ಲಿ ಅಡ್ಡಕ್ಕೆ 1920 ಚುಕ್ಕೆಗಳಿರುತ್ತವೆ. ಗೇಟು, ರಸ್ತೆ, ಎದುರಿನ ಚಹಾ ಅಂಗಡಿ ಎಲ್ಲವೂ ಕಾಣಲಿ ಎಂದು 12 ಮೀಟರ್ ಅಗಲವನ್ನು ಅದಕ್ಕೆ ತೋರಿಸಿದರೆ ಒಂದು ಮೀಟರಿಗೆ ಸಿಗುವುದು 160 ಚುಕ್ಕೆ. ಕಾರಿನ ಉದ್ದನೆಯ ನಂಬರ್ ಪ್ಲೇಟ್ 50 ಸೆಂಟಿಮೀಟರ್, ಅದರ ಪಾಲಿಗೆ 80. ಬೈಕಿನ ಹಿಂದಿನ ಪ್ಲೇಟ್ 20 ಸೆಂಟಿಮೀಟರ್ ಮಾತ್ರ, ಅದರ ಪಾಲಿಗೆ 32. ಅದರ ಕೆಳಸಾಲಿನಲ್ಲಿ ಆರು ಅಕ್ಷರ-ಅಂಕಿಗಳಿದ್ದರೆ ಒಂದೊಂದಕ್ಕೆ ಐದು ಚುಕ್ಕೆ! ಯಾವ ಕಣ್ಣು, ಯಾವ ಕಂಪ್ಯೂಟರ್ ಓದೀತು? ಅದೇ ಕ್ಯಾಮರಾವನ್ನು ಗೇಟಿನ 4 ಮೀಟರ್ ಅಗಲಕ್ಕೆ ಮಾತ್ರ ಕಟ್ಟಿಹಾಕಿದರೆ ಬೈಕಿನ ಪ್ಲೇಟಿಗೆ 96, ಕಾರಿನದಕ್ಕೆ 240 ಚುಕ್ಕೆ ಸಿಗುತ್ತವೆ. ಓದಬಹುದು. ಒಂದೇ ಕ್ಯಾಮರಾ ಇಡೀ ಬೀದಿಯನ್ನೂ ನೋಡಲಿ, ನಂಬರನ್ನೂ ತೋರಿಸಲಿ ಎಂದು ಬಯಸುವುದೇ ಎಲ್ಲ ನಿರಾಶೆಯ ಮೂಲ. ನಂಬರಿಗೆ ಒಂದು, ಆವರಣಕ್ಕೆ ಒಂದು ಎಂದು ಎರಡು ಬೇಕು. ನಂಬರಿನ ಕ್ಯಾಮರಾಕ್ಕೆ ಹಿಂದೆಮುಂದೆ ಮಾಡಿ ಹೊಂದಿಸಬಹುದಾದ ಲೆನ್ಸ್ ಇರಲಿ.

ಮಿನಾರಿನ ಮೇಲೆ ಹಾಕಿದರೆ ಯಾರೂ ಕೀಳುವುದಿಲ್ಲ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ಎತ್ತರದಿಂದ ನೋಡಿದರೆ ಪ್ಲೇಟು ಚಪ್ಪಟೆಯಾಗುತ್ತದೆ. ಮೇಲಿನಿಂದಾಗಲಿ ಪಕ್ಕದಿಂದಾಗಲಿ ಓರೆ 30 ಡಿಗ್ರಿ ಮೀರದಿರಲಿ. ಬೈಕಿನ ಮುಂದಿನ ಪ್ಲೇಟಿನ ಎತ್ತರ ನಾಲ್ಕೂವರೆ ಸೆಂಟಿಮೀಟರ್ ಅಷ್ಟೇ. ಹಾಗಾಗಿ ಹೊರಹೋಗುವ ಗಾಡಿಯ ಬೆನ್ನು ಕಾಣುವಂತೆ ಕೂರಿಸುವುದೇ ಲೇಸು.

ರಾತ್ರಿಯ ಸಮಸ್ಯೆ ಬೇರೆಯೇ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಕಡ್ಡಾಯವಾಯಿತು. ಹಳೆಯ ವಾಹನಗಳಿಗೂ ಹಾಕಿಸಬೇಕೆಂದು ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಆದೇಶವಾಯಿತು. ಈ ಪ್ಲೇಟಿನ ಹಾಳೆ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ. ಕ್ಯಾಮರಾದ ಇನ್‌ಫ್ರಾರೆಡ್ ದೀಪ ಅದರ ಮೇಲೆ ಬಿದ್ದಾಗ, ಶಟರ್ ನಿಧಾನವಾಗಿದ್ದರೆ ಪ್ಲೇಟು ಬಿಳಿಯಾಗಿ ಉರಿದುಹೋಗುತ್ತದೆ. ಆ ಬಿಳಿ ಚುಕ್ಕೆಯ ಗುಟ್ಟು ಇದೇ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಶಟರ್ ಸೆಕೆಂಡಿನ 25ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಗಾಡಿ 40 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 500ನೇ ಒಂದು ಭಾಗಕ್ಕೆ ಇಳಿಸಿದರೆ 2 ಸೆಂಟಿಮೀಟರ್ ಮಾತ್ರ. ಹಾಗೆ ಇಳಿಸಿದಾಗ ರಾತ್ರಿ ಉಳಿದದ್ದೆಲ್ಲ ಕಪ್ಪು, ಪ್ಲೇಟು ಮಾತ್ರ ಹೊಳೆಯುತ್ತದೆ. ಹಾಗಾಗಿಯೇ ಎರಡನೆಯ ಕ್ಯಾಮರಾ ಬೇಕು ಎಂದದ್ದು.

ಇಷ್ಟಾದರೂ ನಮ್ಮ ಎರೆಭೂಮಿ ಬಿಡುವುದಿಲ್ಲ. ಮಳೆಗಾಲದಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರಿನ ನಂಬರನ್ನು ಅದರ ಯಜಮಾನನೂ ಕಾಣಲಾರ, ಟ್ರೇಲರಿಗೆ ನಂಬರೇ ಇಲ್ಲದಿದ್ದರೂ ಆಶ್ಚರ್ಯವಿಲ್ಲ. ಕನ್ನಡ ಅಂಕಿ ಬರೆಸಿದವರು, 8055 ಅನ್ನು 'ಬಾಸ್' ಎಂದು ಓದಿಸುವ ಹುಡುಗರು ಬೇರೆ! ನಿಯಮದ ಪ್ರಕಾರ ಇಂಗ್ಲಿಷ್ ಅಕ್ಷರ, 1, 2, 3 ಅಂಕಿಗಳೇ ಇರಬೇಕು. ಓದುವ ಯಂತ್ರವೂ ಅದನ್ನಷ್ಟೇ ಕಲಿತಿರುತ್ತದೆ.

ಇನ್ನು ಯಂತ್ರದ ಓದು ಎಷ್ಟು ನಂಬಿಕೆಗೆ ಯೋಗ್ಯ? ಅದು 8ನ್ನು ಬಿ ಎಂದೂ, ಸೊನ್ನೆಯನ್ನು ಓ ಎಂದೂ, 5ನ್ನು 6 ಎಂದೂ ಓದುವುದುಂಟು. ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಧಾರವಾಡದ ಗಾಡಿ ಕೆಎ 25, ಗದಗಿನದು ಕೆಎ 26. ಅಣ್ಣಿಗೇರಿಯ ಮೂಲಕ ಹಾಯುವ ಹುಬ್ಬಳ್ಳಿ-ಗದಗ ರಸ್ತೆಯಲ್ಲಿ ಎರಡೂ ಓಡಾಡುತ್ತವೆ. ಒಂದು ಅಂಕಿ ತಪ್ಪಿದರೆ ಬೇರೆ ಜಿಲ್ಲೆಯ ನಿರಪರಾಧಿಯೊಬ್ಬನ ಮನೆಮುಂದೆ ಪೊಲೀಸರು ನಿಂತಿರುತ್ತಾರೆ. 2009ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೀಗೆಯೇ ಆಯಿತು. ಪೊಲೀಸ್ ವಾಹನದ ಕ್ಯಾಮರಾ 3ನ್ನು 7 ಎಂದು ಓದಿತು. ತನ್ನದೇ ಕಾರಿನಲ್ಲಿ ಹೊರಟಿದ್ದ ಕಪ್ಪು ವರ್ಣದ ಮಹಿಳೆಯೊಬ್ಬರನ್ನು ಕಳವಿನ ವಾಹನದವರೆಂದು ತಡೆದು, ಬಂದೂಕು ಗುರಿಯಿಟ್ಟು, ಬೇಡಿ ತೊಡಿಸಿ ಮಂಡಿಯೂರಿಸಿದರು. ನಂಬರನ್ನು ಕಣ್ಣಾರೆ ಒಮ್ಮೆ ಹೋಲಿಸಿ ನೋಡಿದ್ದರೆ ಅದು ನಡೆಯುತ್ತಲೇ ಇರಲಿಲ್ಲ. ಯಂತ್ರ ಬರೆದಿಟ್ಟ ನಂಬರನ್ನು ಚಿತ್ರದೊಂದಿಗೆ ಹೋಲಿಸದೆ ಯಾರ ಹೆಸರನ್ನೂ ಎತ್ತಬಾರದು. ಯಾವನೋ ತಂದ ಸುದ್ದಿಯನ್ನು ಪರಿಶೀಲಿಸಿ ಎಂದು ಕುರ್‌ಆನ್ ಸೂರಃ ಅಲ್‌ಹುಜುರಾತ್‌ನಲ್ಲಿ ಆಜ್ಞಾಪಿಸಿರುವಾಗ, ಯಂತ್ರ ತಂದ ಸುದ್ದಿಗೆ ಮಾತ್ರ ವಿನಾಯಿತಿ ಇದೆಯೇ?

ಅದೇ ಸೂರಃದ 12ನೇ ವಚನ ಗುಮಾನಿಯನ್ನೂ ಗೂಢಚಾರಿಕೆಯನ್ನೂ ನಿಷೇಧಿಸಿದೆ. ಪ್ರವಾದಿ(ಸ)ರ ಮನೆಯೊಳಗೆ ಬಾಗಿಲ ರಂಧ್ರದಿಂದ ಇಣುಕಿದವನ ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಪ್ರವೇಶಕ್ಕೆ ಅನುಮತಿ ಕೇಳುವ ನಿಯಮ ಬಂದುದೇ ಕಣ್ಣಿನ ಕಾರಣಕ್ಕೆ ಎಂದು ಪ್ರವಾದಿ(ಸ)ರು ತಿಳಿಸಿದರು. ಕ್ಯಾಮರಾವೂ ಕಣ್ಣೇ. ಎದುರುಮನೆಯ ಬಾಗಿಲು, ಪಕ್ಕದ ಹಿತ್ತಲು, ನವಲಗುಂದದಲ್ಲಾದರೆ ಜಮಖಾನ ನೇಯುವ ಹೆಣ್ಣುಮಕ್ಕಳ ಓಣಿ ಅದರಲ್ಲಿ ಬೀಳಬಾರದು. ಯಾರು ಯಾವಾಗ ಮಸೀದಿಗೆ ಬಂದರು, ಎಷ್ಟು ಹೊತ್ತು ಇದ್ದರು ಎಂಬ ಪಟ್ಟಿ ತಯಾರಾಗುವುದು ಇನ್ನೂ ಗಂಭೀರ ವಿಷಯ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 2010ರಲ್ಲಿ, ಮುಸ್ಲಿಮರು ಹೆಚ್ಚಾಗಿರುವ ಸ್ಪಾರ್ಕ್‌ಬ್ರೂಕ್, ವಾಶ್‌ವುಡ್ ಹೀತ್ ಬಡಾವಣೆಗಳ ಸುತ್ತ ಪೊಲೀಸರು 200ಕ್ಕೂ ಹೆಚ್ಚು ಕ್ಯಾಮರಾ ಹಾಕಿದರು. ಅವುಗಳಲ್ಲಿ ಹೆಚ್ಚಿನವು ನಂಬರ್ ಓದುವಂಥವು. ಅಪರಾಧ ತಡೆಗಾಗಿ ಎಂದು ನಿವಾಸಿಗಳಿಗೆ ಹೇಳಲಾಗಿತ್ತು. ಹಣ ಬಂದದ್ದು ಭಯೋತ್ಪಾದನಾ ನಿಗ್ರಹದ ನಿಧಿಯಿಂದ ಎಂಬುದು ಬಯಲಾದಾಗ ಜನ ಪ್ರತಿಭಟಿಸಿದರು. ಕ್ಯಾಮರಾಗಳಿಗೆ ಚೀಲ ಮುಚ್ಚಲಾಯಿತು, ಪೊಲೀಸ್ ಮುಖ್ಯಸ್ಥರು ಕ್ಷಮೆ ಕೇಳಿದರು, 2011ರಲ್ಲಿ ಅವುಗಳನ್ನು ಕಿತ್ತುಹಾಕಲಾಯಿತು. ಹೊರಗಿನವರು ನಮ್ಮ ಮೇಲೆ ಮಾಡಿದರೆ ಅನ್ಯಾಯ ಎನ್ನುವ ಕೆಲಸವನ್ನು ನಾವೇ ನಮ್ಮ ಮುಸಲ್ಲಿಗಳ ಮೇಲೆ, ಅದೂ ಚಂದಾ ಎತ್ತಿ ಮಾಡಬೇಕೇ?

ಕಾನೂನು ಕೇಳುವುದು ಅಷ್ಟಿಲ್ಲ. ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಕ್ಯಾಮರಾ ಇರಬೇಕು, ದೃಶ್ಯವನ್ನು 30 ದಿನ ಇಟ್ಟಿರಬೇಕು ಎನ್ನುತ್ತದೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ. ಪ್ರಾರ್ಥನಾ ಸ್ಥಳಗಳೂ ಅದರಲ್ಲಿ ಸೇರಿವೆ. ನಂಬರ್ ಓದಿಸಿ ಪಟ್ಟಿ ಮಾಡಿ ಎಂದು ಅದು ಹೇಳಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ದಿನವಿಡೀ ಲಾರಿ ಬಂದುಹೋಗುವ ಹತ್ತಿ ಜಿನ್ನಿಂಗ್ ಮಿಲ್ಲಿಗೆ, ದೊಡ್ಡ ಗೋದಾಮಿಗೆ ಓದುವ ಯಂತ್ರ ಇರಲಿ, ಅಲ್ಲಿ ಅದಕ್ಕೆ ಕೆಲಸವಿದೆ. ಮಸೀದಿಗೆ, ಮದ್ರಸಕ್ಕೆ, ಹಳ್ಳಿಯ ಶಾಲೆಗೆ ಗೇಟಿನತ್ತ ಬಿಗಿಯಾಗಿ ನೆಟ್ಟ ಒಂದು ಒಳ್ಳೆಯ ಕ್ಯಾಮರಾ ಸಾಕು. ಏನಾದರೂ ನಡೆದ ದಿನ ತೆಗೆದು ನೋಡಿದರಾಯಿತು, 30 ದಿನ ಕಳೆದ ಮೇಲೆ ತಾನಾಗಿ ಅಳಿಯಲಿ.

ಪೆಟ್ಟಿಗೆಯ ಕೋಣೆಗೆ ಬೀಗವಿರಲಿ. ಪಾಸ್‌ವರ್ಡ್ ಮುತವಲ್ಲಿ ಮತ್ತು ಇನ್ನೊಬ್ಬರಲ್ಲಿ ಮಾತ್ರ ಇರಲಿ, ಹಾಕಿಸಿದ ಹುಡುಗನ ಮೊಬೈಲಿನಲ್ಲಿ ಉಳಿಯದಿರಲಿ. ದೃಶ್ಯ ವಾಟ್ಸ್‌ಆ್ಯಪ್‌ಗೆ ಹೋಗಲೇಬಾರದು. ಪೊಲೀಸರು ಕೇಳಿದರೆ ಲಿಖಿತವಾಗಿ ಪಡೆದು ಕೊಡಿ, ಮೂಲವನ್ನು ಉಳಿಸಿಕೊಳ್ಳಿ. ನ್ಯಾಯಾಲಯಕ್ಕೆ ಹೋಗುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಪೆಟ್ಟಿಗೆಯ ಗಡಿಯಾರ ತಪ್ಪಾಗಿದ್ದರೆ ಪ್ರಶ್ನೆಗಳು ಏಳುತ್ತವೆ, ಕರೆಂಟು ಹೋಗಿಬಂದ ಮೇಲೆ ಒಮ್ಮೆ ನೋಡಿಕೊಳ್ಳಿ. ಯುಪಿಎಸ್ ಇಲ್ಲದೆ ನಮ್ಮಲ್ಲಿ ಯಾವುದೂ ನಡೆಯದು.

ಖರೀದಿಸುವಾಗ ಎಸ್‌ಟಿಕ್ಯೂಸಿ ಪ್ರಮಾಣಪತ್ರ ಕೇಳಿ. 2025ರ ಏಪ್ರಿಲ್ 9ರಿಂದ ಕೇಂದ್ರ ಸರಕಾರ ಸಿಸಿ ಕ್ಯಾಮರಾಗಳಿಗೆ ಸುರಕ್ಷತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಕೊನೆಯ ಕಂತು ಕೊಡುವ ಮೊದಲು ರಾತ್ರಿ ಎಂಟರ ಮೇಲೆ ಒಂದು ಬೈಕು, ಒಂದು ಕಾರು, ಒಂದು ಟ್ರ್ಯಾಕ್ಟರನ್ನು ಹೆಡ್‌ಲೈಟ್ ಹಾಕಿಸಿ ಗೇಟು ದಾಟಿಸಿ. ಮೂರರ ನಂಬರನ್ನೂ ಕಮಿಟಿಯ ಅತ್ಯಂತ ವಯಸ್ಸಾದ ಸದಸ್ಯರು ಕನ್ನಡಕ ಹಾಕಿಕೊಂಡು ಓದಿ ಹೇಳಲಿ. ಓದಲು ಬಂದರೆ ಹಣ ಕೊಡಿ.