ಬಂಡಿ ಹೇರುವ ಬುದ್ಧಿ ಕಾರಿಗೂ ಇರಲಿ



ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಹಳ್ಳಿಗಳಲ್ಲಿ ಈಗ ಮನೆಯ ಮುಂದೆ ಕಾರು ನಿಂತಿರುವುದು ಅಪರೂಪದ ನೋಟವಲ್ಲ. ಸಂತೆಗೆ ಹೋಗಲು, ಹಂಪೆಯ ವಿರೂಪಾಕ್ಷನ ದರ್ಶನಕ್ಕೆ, ಬೀಗರ ಮನೆಗೆ, ಆಸ್ಪತ್ರೆಗೆ ಎಲ್ಲಕ್ಕೂ ಅದೇ ಕಾರು. ಅದೇ ಕಾರಿನಲ್ಲಿ ಬರುವಾಗ ಒಂದು ಚೀಲ ಗೊಬ್ಬರ, ಎರಡು ಗೊನೆ ಬಾಳೆ, ಎಣ್ಣೆ ಹೊಡೆಯುವ ಪಂಪು, ಮೇಲೆ ಮಕ್ಕಳ ಪುಸ್ತಕದ ಚೀಲ. ತಂದದ್ದು ತಪ್ಪಲ್ಲ. ಹೇಗೆ ಹೇರಿ ತಂದೆವು, ಹೇಗೆ ಕುಳಿತು ನಡೆಸಿದೆವು ಎಂಬುದೇ ಪ್ರಶ್ನೆ. ಈ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿ, ಆಮೇಲೆ ಸಲಹೆ ಹೇಳುತ್ತೇನೆ.

ನಾಟಿಯ ಕಾಲ. ನನ್ನ ಸೋದರಮಾವನೊಡನೆ ಹೊಸಪೇಟೆಯಿಂದ ಸಂಡೂರಿಗೆ ಹೊರಟಿದ್ದೆ. ಕಾರು ಸ್ನೇಹಿತರದು. ಹಿಂದಿನ ಸೀಟಿನ ಮೇಲೆ ಪೆಟ್ಟಿಗೆಗಳು, ಅವುಗಳ ಮೇಲೆ ಖಾಲಿ ಪಂಪು. ಕಾರಿನ ಒಡೆಯರು ನನಗಿಂತ ಎತ್ತರದವರಾದ್ದರಿಂದ ಸೀಟನ್ನು ಮುಂದಕ್ಕೆ ಎಳೆದುಕೊಂಡೆ. ಅದು ಕಂಬಿಯಲ್ಲಿ ಕಚ್ಚಿಕೊಂಡಿತೇ ಎಂದು ನೋಡಲಿಲ್ಲ. ಗುಡ್ಡದ ಏರಿನಲ್ಲಿ ಗೇರು ಬದಲಿಸಲು ಕ್ಲಚ್ಚು ಒತ್ತಿದೆ. ಸೀಟು ಗೇಣುದ್ದ ಹಿಂದಕ್ಕೆ ಜಾರಿತು, ಕಾಲು ತಪ್ಪಿತು, ಇಂಜಿನು ನಿಂತಿತು, ಕಾರು ಹಿಂದಕ್ಕೆ ಉರುಳತೊಡಗಿತು. ಮಾವನೇ ಹ್ಯಾಂಡ್ ಬ್ರೇಕು ಎಳೆದರು. ಹಿಂದೆ ಅದಿರಿನ ಲಾರಿ ಇರಲಿಲ್ಲ, ಬದುಕಿದೆವು.

ಸೀಟನ್ನು ಸರಿಮಾಡಿಕೊಂಡೆ. ಹೇರನ್ನು ಮಾತ್ರ ಮುಟ್ಟಲಿಲ್ಲ. ಆಚೆಯ ಇಳಿಜಾರಿನಲ್ಲಿ ಆಡಿನ ಹಿಂಡು ಅಡ್ಡ ಬಂತು. ಬ್ರೇಕು ಒತ್ತಿದೆ. ಕಾರು ನಿಂತಿತು, ಆದರೆ ಪಂಪು ನಿಲ್ಲಲಿಲ್ಲ. ಅದು ಹಾರಿ ಬಂದು ಮಾವನ ಹೆಗಲಿಗೆ ಬಡಿಯಿತು. ನಾಲ್ಕು ಬೆರಳು ಈಚೆಗೆ ಬಿದ್ದಿದ್ದರೆ ಕುತ್ತಿಗೆ. ನಾಟಿಯ ಹೊತ್ತಿನಲ್ಲಿ ಮೂರು ವಾರ ಅವರು ಕೈ ಎತ್ತಲಾಗಲಿಲ್ಲ. ಅಂದು ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಅಳಿಯಾ, ಬಂಡಿ ಹೇರಾಕ ನಿನಗ ನಾನು ಕಲಿಸೀನಿ. ಕಾರು ಹೇರಾಕ ಯಾರು ಕಲಿಸಿದರೋ?”

ಯಾರೂ ಕಲಿಸಿರಲಿಲ್ಲ. ಆದರೆ ಬಂಡಿಯ ಪಾಠವೇ ಸಾಕಾಗಿತ್ತು.

ಬಂಡಿ ಕಲಿಸಿದ ಪಾಠ

ಬಂಡಿಯ ಹಿಂಬದಿಗೆ ಹೆಚ್ಚು ಭಾರ ಹಾಕಿದರೆ ಮೂಕಿ ಮೇಲೇಳುತ್ತದೆ, ಎತ್ತುಗಳ ಕೊರಳು ಬಿಗಿಯುತ್ತದೆ. ಮುಂಬದಿಗೆ ಹೆಚ್ಚಾದರೆ ನೊಗ ಹೆಗಲನ್ನು ತಿನ್ನುತ್ತದೆ. ಆದುದರಿಂದ ಒಕ್ಕಲಿಗನು ಭಾರವನ್ನು ಅಚ್ಚಿನ ಮೇಲೆ ಕೂಡಿಸಿ, ಮಿಣಿ ಹಾಕಿ ಬಿಗಿಯುತ್ತಾನೆ. ಹಂಪೆಯ ಹೊಳೆಯಲ್ಲಿ ಹರಿಗೋಲು ಹಾಕುವವರೂ ಅಷ್ಟೇ. ಜನರನ್ನು ಸುತ್ತಲೂ ಸಮನಾಗಿ, ತಳಕ್ಕೆ ಕೂಡಿಸುತ್ತಾರೆ, ಯಾರನ್ನೂ ಎದ್ದು ನಿಲ್ಲಗೊಡುವುದಿಲ್ಲ. ಭಾರ ಕೆಳಗಿರಬೇಕು, ನಡುವೆ ಇರಬೇಕು, ಅಲ್ಲಾಡಬಾರದು. ಈ ಮೂರು ಮಾತು ಬಂಡಿಗೂ ಹರಿಗೋಲಿಗೂ ಕಾರಿಗೂ ಒಂದೇ.

ಕಾರಿನಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಅದೇ ವೇಗ. ಕಾರು ಗಂಟೆಗೆ ೪೦ ಕಿ.ಮೀ. ಓಡುವಾಗ ಒಳಗಿರುವ ಪ್ರತಿ ವಸ್ತುವೂ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಕಾರು ಮರಕ್ಕೋ ಗೋಡೆಗೋ ಗುದ್ದಿ ತಟ್ಟನೆ ನಿಂತರೆ, ಕಟ್ಟದ ವಸ್ತು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಅದರ ಪೆಟ್ಟು, ಆ ವಸ್ತುವನ್ನು ಸುಮಾರು ೨೦ ಅಡಿ ಎತ್ತರದ ಮಾಳಿಗೆಯಿಂದ ತಲೆಯ ಮೇಲೆ ಕೆಡವಿದಷ್ಟು. ಗಂಟೆಗೆ ೬೦ ಕಿ.ಮೀ. ಆದರೆ ಆ ಎತ್ತರ ಸುಮಾರು ೪೬ ಅಡಿ. ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟು. ನೀರಿನ ಬಾಟಲಿ, ಕುಡುಗೋಲು, ತೆಂಗಿನಕಾಯಿ ಯಾವುದೂ ಈ ಲೆಕ್ಕಕ್ಕೆ ಹೊರತಲ್ಲ.

ಎಷ್ಟು ಹೇರಬಹುದು?

ಸಂಡೂರಿನ ಅದಿರಿನ ಲಾರಿಗಳನ್ನು ನೋಡಿ. ತೊಟ್ಟಿ ಅರ್ಧ ಖಾಲಿ ಕಂಡರೂ ಭಾರ ಪೂರ್ಣವಾಗಿರುತ್ತದೆ. ಅದಿರು ಅಷ್ಟು ತೂಕದ್ದು. ಹಾಗೆಯೇ ಕಾರಿನಲ್ಲಿ ಜಾಗ ಇದೆ ಎಂದರೆ ಹೇರಲು ಅಪ್ಪಣೆ ಇದೆ ಎಂದಲ್ಲ.

ಸಾಮಾನ್ಯವಾದ ಸಣ್ಣ ಕಾರು, ಜನ ಮತ್ತು ಸಾಮಾನು ಎರಡೂ ಸೇರಿ, ೪೦೦ರಿಂದ ೪೫೦ ಕೆ.ಜಿ. ಹೊರಬಲ್ಲದು. ತಲಾ ೬೫ ಕೆ.ಜಿ.ಯಂತೆ ಐದು ಜನ ಕುಳಿತರೆ ೩೨೫ ಕೆ.ಜಿ. ಆಯಿತು. ಉಳಿದದ್ದು ನೂರರ ಆಸುಪಾಸು. ಯೂರಿಯಾ ಚೀಲ ೪೫ ಕೆ.ಜಿ., ಎರಡಕ್ಕೆ ೯೦. ಅಲ್ಲಿಗೆ ಹೇರು ಮುಗಿಯಿತು. ೭೫ ಕೆ.ಜಿ.ಯ ಭತ್ತದ ಚೀಲವಾದರೆ ಒಂದೇ. ನಿಮ್ಮ ಕಾರಿನ ಸರಿಯಾದ ಅಂಕಿ ಕಾರಿನೊಡನೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಒಮ್ಮೆ ಓದಿಸಿ ಬರೆದಿಟ್ಟುಕೊಳ್ಳಿ. ಇದಕ್ಕಿಂತ ಹೆಚ್ಚಿನ ಸರಕಿಗೆ ಸರಕು ಸಾಗಿಸುವ ವಾಹನವನ್ನೇ ಕರೆಯುವುದು ಲೇಸು. ಬಾಡಿಗೆ ಉಳಿಸಲು ಹೋಗಿ ಟೈರು ಒಡೆದುಕೊಂಡರೆ ಲಾಭವೇನು?

ಹೇರುವ ಕ್ರಮ

೧. ಭಾರದ ವಸ್ತುವನ್ನು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ತಾಗುವಂತೆ, ಎಡಬಲ ಸಮನಾಗಿ ಇಡಿ. ಡಿಕ್ಕಿಯ ಬಾಗಿಲ ಕಡೆಗೆ ಭಾರ ಕೂಡಿದರೆ, ಮೂಕಿ ಮೇಲೆದ್ದ ಬಂಡಿಯಂತೆ ಕಾರಿನ ಮುಂಭಾಗ ಹಗುರಾಗುತ್ತದೆ. ಆಗ ತಿರುವಿನಲ್ಲಿ ಸ್ಟೇರಿಂಗಿನ ಹಿಡಿತ ಸಾಲದು.

೨. ಹಗುರವಾದುದು ಮೇಲೆ. ಆದರೆ ಯಾವುದೂ ಸೀಟಿನ ಬೆನ್ನಿಗಿಂತ ಮೇಲಕ್ಕೆ ಏರಬಾರದು. ಏರಿದರೆ ಹಿಂದಿನ ದಾರಿಯೂ ಕಾಣದು, ಬ್ರೇಕು ಒತ್ತಿದಾಗ ಅದು ಮುಂದಕ್ಕೂ ಹಾರುತ್ತದೆ. ಹಿಂದಿನ ಗಾಜಿನ ಕೆಳಗಿನ ಹಲಗೆ ಸಾಮಾನು ಇಡುವ ಗೂಡಲ್ಲ.

೩. ಹಿಂದಿನ ಸೀಟನ್ನು ಮಡಿಸಿ ಸಾಮಾನು ಇಟ್ಟರೆ ಹಗ್ಗ ಹಾಕಿ ಕಟ್ಟಿ. ಕಾರಿನೊಳಗೆ ಹಗ್ಗ ಕಟ್ಟಲು ಕೊಂಡಿಗಳಿದ್ದರೆ ಅವುಗಳಿಗೇ ಕಟ್ಟಿ. ಸೀಟನ್ನು ಮತ್ತೆ ಎತ್ತಿದಾಗ ಅದರ ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿ. ಚಿಲಕ ಬೀಳದ ಸೀಟು ಹಿಂದಿನ ಭಾರವನ್ನು ತಡೆಯುವುದಿಲ್ಲ.

೪. ಸೀಟಿನ ಮೇಲೆ ಸಾಮಾನು ಇಡಲೇಬೇಕಾದರೆ ಬೆಲ್ಟನ್ನು ಅದಕ್ಕೂ ಹಾಕಿ.

೫. ಚಾಲಕನ ಕಾಲ ಬಳಿ, ಸೀಟಿನ ಕೆಳಗೆ ಏನನ್ನೂ ಇಡಬೇಡಿ. ಉರುಳಿ ಬಂದ ಒಂದು ಬಾಟಲಿ ಬ್ರೇಕಿನ ಕೆಳಗೆ ಸಿಕ್ಕಿದರೆ ಬ್ರೇಕು ಇದ್ದೂ ಇಲ್ಲದಂತೆ.

೬. ಮಾಡಿನ ಮೇಲೆ ಕಟ್ಟುವುದಾದರೆ ಹಗುರ ವಸ್ತು ಮಾತ್ರ. ಮೇಲೆ ಭಾರವಾದ ಕಾರು ತಿರುವಿನಲ್ಲಿ ವಾಲುತ್ತದೆ. ಹತ್ತು ಕಿ.ಮೀ. ಹೋದ ಮೇಲೆ ನಿಲ್ಲಿಸಿ ಹಗ್ಗ ಸಡಿಲಾಗಿದೆಯೇ ನೋಡಿ.

೭. ಪೂರ್ಣ ಹೇರಿಗೆ ಟೈರಿನ ಗಾಳಿ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ. ಅಷ್ಟು ಹಾಕಿಸಿ. ಹಿಂದೆ ಭಾರವಾದರೆ ದೀಪದ ಬೆಳಕು ಮೇಲೆದ್ದು ಎದುರಿನವನ ಕಣ್ಣು ಕುಕ್ಕುತ್ತದೆ. ದೀಪ ತಗ್ಗಿಸುವ ಗುಂಡಿ ಇದ್ದರೆ ತಗ್ಗಿಸಿ. ಹೇರಿದ ಕಾರು ನಿಲ್ಲಲು ಹೆಚ್ಚು ದೂರ ಬೇಕು. ಮುಂದಿನ ಗಾಡಿಯಿಂದ ಅಂತರ ಹೆಚ್ಚಿಸಿ.

ವಿಷ ಬೇರೆ, ಅನ್ನ ಬೇರೆ

ನಮ್ಮ ಕಡೆ ಕೀಟನಾಶಕಕ್ಕೂ ‘ಎಣ್ಣೆ’ ಎನ್ನುತ್ತಾರೆ, ಅಡಿಗೆಯದಕ್ಕೂ ‘ಎಣ್ಣೆ’ ಎನ್ನುತ್ತಾರೆ. ಹೆಸರು ಒಂದಾದರೂ ಚೀಲ ಒಂದಾಗಬಾರದು. ಕೀಟನಾಶಕವು ಆಹಾರಕ್ಕೂ ದನದ ಮೇವಿಗೂ ತಗಲುವಂತೆ ಸಾಗಿಸಕೂಡದೆಂದು ೧೯೭೧ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಬಾಟಲಿಯ ಮುಚ್ಚಳ ಬಿಗಿಮಾಡಿ, ನೆಟ್ಟಗೆ ನಿಲ್ಲಿಸಿ, ಗಟ್ಟಿಯಾದ ಬಕೆಟ್ಟಿನೊಳಗಿಟ್ಟು ಡಿಕ್ಕಿಯ ಮೂಲೆಯಲ್ಲಿ ಭದ್ರಪಡಿಸಿ. ತರಕಾರಿ, ಹಾಲು, ಮಕ್ಕಳ ಬಟ್ಟೆ ಅದೇ ಡಿಕ್ಕಿಯಲ್ಲಿ ಬೇಡ. ಜನ ಕೂರುವ ಜಾಗದಲ್ಲಂತೂ ಕೀಟನಾಶಕ ಬೇಡವೇ ಬೇಡ. ಚೆಲ್ಲಿದರೆ ಕಿಟಕಿ ತೆರೆದು, ಎಲ್ಲರನ್ನೂ ಇಳಿಸಿ, ಕೈಚೀಲ ತೊಟ್ಟು, ಮಣ್ಣಿಗೆ ಹೀರಿಸಿ ತೆಗೆಯಿರಿ. ಅಡಿಗೆಯ ಅನಿಲದ ಸಿಲಿಂಡರನ್ನು ಮಲಗಿಸಿ ತರಬೇಡಿ, ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬೇಡಿ.

ಸೀಟು ಹೊಂದಿಸಿಕೊಳ್ಳುವುದು

ರೆಂಟೆ ಹೊಡೆಯುವವನು ತನ್ನ ಎತ್ತರಕ್ಕೆ ಮೇಳಿ ಹೊಂದದಿದ್ದರೆ ಬೆನ್ನು ನೋಯಿಸಿಕೊಳ್ಳುತ್ತಾನೆ. ಕಾರಿನಲ್ಲಿ ಬೆನ್ನಷ್ಟೇ ಅಲ್ಲ, ಜೀವವೂ ಪಣಕ್ಕಿರುತ್ತದೆ. ಕಾರು ನಿಂತಿರುವಾಗಲೇ ಈ ಕ್ರಮದಲ್ಲಿ ಹೊಂದಿಸಿಕೊಳ್ಳಿ.

ಮೊದಲು ಬೆನ್ನು ಸೀಟಿಗೆ ಪೂರ್ತಿ ತಾಗುವಂತೆ ಕುಳಿತುಕೊಳ್ಳಿ. ಕ್ಲಚ್ಚನ್ನು ತಳಮುಟ್ಟ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಹೆಗಲು ಸೀಟನ್ನು ಬಿಡದಂತೆ ಕೈ ಚಾಚಿದಾಗ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ತಾಗಬೇಕು. ಎದೆಗೂ ಸ್ಟೇರಿಂಗಿಗೂ ನಡುವೆ ಕನಿಷ್ಠ ೨೫ ಸೆಂ.ಮೀ., ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು ಅಂತರವಿರಲಿ. ಗಾಳಿಚೀಲ ಬಿಚ್ಚಿಕೊಳ್ಳುವ ರಭಸ ಹತ್ತಿರ ಕುಳಿತವನಿಗೆ ತಾನೇ ಪೆಟ್ಟಾಗಬಹುದು.

ತಲೆಗೆ ಆನಿಸುವ ದಿಂಬಿನ ಮೇಲಂಚು ಕಿವಿಯ ಮಟ್ಟಕ್ಕಿಂತ ಕೆಳಗಿರಕೂಡದು. ನೆತ್ತಿಯ ಮಟ್ಟಕ್ಕೆ ಬಂದರೆ ಉತ್ತಮ. ಅದು ನಿದ್ದೆಗೆಂದು ಇಟ್ಟದ್ದಲ್ಲ. ಹಿಂದಿನಿಂದ ಗಾಡಿ ಗುದ್ದಿದಾಗ ಕತ್ತು ಹಿಂದಕ್ಕೆ ಮುರಿಯದಂತೆ ಕಾಯುವುದಕ್ಕೆ. ಕನ್ನಡಿಗಳನ್ನು ಸರಿಮಾಡುವುದು ಸೀಟು ಹೊಂದಿಸಿದ ಮೇಲೆ, ಮೊದಲಲ್ಲ.

ಕೊನೆಯದು ನಾನು ಮರೆತದ್ದು. ಸೀಟು ಸರಿಸಿದ ಮೇಲೆ ‘ಟಕ್’ ಎಂಬ ಸದ್ದು ಕೇಳಬೇಕು. ಕೇಳಿದರೂ ನಂಬದೆ, ಮೈಯನ್ನು ಹಿಂದಕ್ಕೂ ಮುಂದಕ್ಕೂ ಒತ್ತಿ ನೋಡಿ. ಓಡುವ ಕಾರಿನಲ್ಲಿ ಸೀಟು ಸರಿಸುವ ಸಾಹಸ ಎಂದಿಗೂ ಬೇಡ.

ಬೆಲ್ಟು ಮತ್ತು ಮಕ್ಕಳು

ಹೆಗಲಿಗೂ ಸೊಂಟಕ್ಕೂ ಸೇರಿ ಬರುವ ಈಗಿನ ಬೆಲ್ಟನ್ನು ವೋಲ್ವೊ ಕಾರಿನ ಕಾರ್ಖಾನೆಯಲ್ಲಿ ಸ್ವೀಡನ್ ದೇಶದ ನಿಲ್ಸ್ ಬೋಲಿನ್ ಎಂಬ ಇಂಜಿನಿಯರು ರೂಪಿಸಿದರು. ೧೯೫೯ರಲ್ಲಿ ಅದು ಕಾರುಗಳಿಗೆ ಬಂತು. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಕೆಳಗೆ ಸೊಂಟದ ಎಲುಬಿನ ಮೇಲೆ ಇರಬೇಕು. ಹೆಗಲ ಪಟ್ಟಿ ಕಂಕುಳಲ್ಲಲ್ಲ, ಹೆಗಲೆಲುಬಿನ ಮೇಲೆ ಹಾದುಹೋಗಬೇಕು. ಬಸುರಿ ಹೆಣ್ಣುಮಕ್ಕಳೂ ಬೆಲ್ಟು ಹಾಕಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ಬರುವಂತೆ ನೋಡಿಕೊಂಡರೆ ಸಾಕು. ಹಿಂದಿನ ಸೀಟಿನವರಿಗೂ ಬೆಲ್ಟು ಬೇಕು. ಬೆಲ್ಟಿಲ್ಲದ ಹಿಂದಿನವನು ಮುಂದಿನವನ ಪಾಲಿಗೆ ಕಟ್ಟದ ಮೂಟೆಯೇ.

“ಕೂಸನ್ನು ನಾನು ಗಟ್ಟಿಯಾಗಿ ಹಿಡಿದಿರುತ್ತೇನೆ” ಎಂದು ಒಬ್ಬ ತಾಯಿ ನನಗೆ ಹೇಳಿದರು. ಅವರಿಗೆ ಹೇಳಿದ ಲೆಕ್ಕವನ್ನೇ ಇಲ್ಲಿಯೂ ಬರೆಯುತ್ತೇನೆ. ಗಂಟೆಗೆ ೪೦ ಕಿ.ಮೀ. ವೇಗದ ಕಾರು ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ, ೧೦ ಕೆ.ಜಿ.ಯ ಕೂಸು ಆ ಕ್ಷಣಕ್ಕೆ ಸುಮಾರು ೧೨೫ ಕೆ.ಜಿ.ಯಷ್ಟು ಭಾರವಾಗಿ ಮುಂದಕ್ಕೆ ಎಳೆಯುತ್ತದೆ. ಒಂದೂವರೆ ಚೀಲ ಭತ್ತಕ್ಕಿಂತ ಹೆಚ್ಚು. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು. ಆದುದರಿಂದ ಸಣ್ಣ ಮಕ್ಕಳಿಗೆ ಅವರಿಗೆಂದೇ ಮಾಡಿದ ಸೀಟು ಬೇಕು, ಅದೂ ಹಿಂಬದಿಯಲ್ಲಿ. ೧೪ ವರ್ಷದೊಳಗಿನವರಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇರಲೇಬೇಕೆಂದು ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆ ವಿಧಿಸುತ್ತದೆ. ಆ ಸೀಟಿನ ಬೆಲೆ ಹೆಚ್ಚೆನಿಸುವುದು ನಿಜ. ಅಕ್ಕತಂಗಿಯರ ಮನೆಗಳಲ್ಲಿ ಒಂದು ಕೊಂಡು, ಗುದ್ದಿ ಪೆಟ್ಟಾಗದಿದ್ದರೆ, ಮಗುವಿನಿಂದ ಮಗುವಿಗೆ ಬಳಸಬಹುದು.

ಟ್ರ್ಯಾಕ್ಟರು ಮತ್ತು ಹೊಳೆ

ಜಾತ್ರೆಗೂ ಮದುವೆಗೂ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಹೇರಿದ ಸರಕಿನ ಮೇಲೆ ಜನ ಕುಳಿತು ಹೋಗುವುದನ್ನು ದಯವಿಟ್ಟು ಬಿಡಿ. ಅಲ್ಲಿ ಬೆಲ್ಟಿಲ್ಲ, ಹಿಡಿಯಲು ಕಂಬಿಯಿಲ್ಲ. ಕಬ್ಬು, ಹುಲ್ಲು ಹೇರಿದ ಟ್ರೈಲರಿನ ಹಿಂದೆ ಕೆಂಪು ಹೊಳಪಿನ ಪಟ್ಟಿ ಹಚ್ಚಿ. ರಾತ್ರಿ ದಾರಿಯಲ್ಲಿ ನಿಂತ ಟ್ರೈಲರು ಹಿಂದೆ ಬರುವವನಿಗೆ ಕಾಣದ ಗೋಡೆ.

ಇನ್ನೊಂದು ಮಾತು ಕಂಪ್ಲಿಯ ಕಡೆಯವರಿಗೆ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿಯ ದಾರಿಯ ಸೇತುವೆ ಮುಳುಗುವುದನ್ನು ನೋಡಿದ್ದೇವೆ. “ಕಾರಿನಲ್ಲಿ ಭಾರ ಇದೆ, ಕೊಚ್ಚಿಹೋಗದು” ಎಂಬ ನಂಬಿಕೆ ಸುಳ್ಳು. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು, ಎರಡಡಿ ಬಂದರೆ ದೊಡ್ಡ ಕಾರನ್ನೂ ಎಳೆದೊಯ್ಯುತ್ತದೆ. ಹೊಳೆ ಇಳಿಯುವ ತನಕ ಕಾಯಿರಿ.

ಹೊರಡುವ ಮುನ್ನ

ಹೇರು ಕೆಳಗಿದೆಯೇ? ಕಟ್ಟಿದೆಯೇ? ಕಾಲ ಬಳಿ ಖಾಲಿ ಇದೆಯೇ? ಸೀಟು ಕಚ್ಚಿದೆಯೇ? ಎಲ್ಲರ ಬೆಲ್ಟು ಬಿದ್ದಿದೆಯೇ? ಐದು ಪ್ರಶ್ನೆ, ಎರಡು ನಿಮಿಷ. ಬಂಡಿ ಹೂಡುವಾಗ ಅಚ್ಚಿನ ಕಡಾಣಿ ಮುಟ್ಟಿ ನೋಡದೆ ನಮ್ಮ ಹಿರಿಯರು ಹೊರಟವರಲ್ಲ. ಆ ಅಭ್ಯಾಸವನ್ನು ಕಾರಿಗೂ ತರೋಣ.

ನನ್ನ ಸೋದರಮಾವ ಈಗ ನನ್ನ ಪಕ್ಕದಲ್ಲಿ ಕುಳಿತರೆ ಮೊದಲು ಹಿಂದಿರುಗಿ ಹೇರನ್ನು ನೋಡುತ್ತಾರೆ, ಆಮೇಲೆ ನನ್ನ ಸೀಟನ್ನು ಕೈಯಿಂದ ಅಲ್ಲಾಡಿಸುತ್ತಾರೆ. ಅವೆರಡೂ ಗಟ್ಟಿಯಾಗಿವೆ ಎಂದ ಮೇಲೆಯೇ, “ಹೂಂ, ನಡಿ ಅಳಿಯಾ” ಎನ್ನುತ್ತಾರೆ. ನಿಮ್ಮ ಮನೆಯಲ್ಲಿಯೂ ಹಾಗೆ ನೋಡುವವರು ಒಬ್ಬರಿರಲಿ.