ರಕ್ತದಲ್ಲಿ ಕಾವಲಿರುವ ಕಿಣ್ವ

ರಕ್ತನಾಳಕ್ಕೆ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಇಳಿಯುತ್ತದೆ. ಒಂದೇ ನಿಮಿಷ! ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ. ರೆಪ್ಪೆ ಅಲುಗುವುದಿಲ್ಲ, ಎದೆ ಏರಿಳಿಯುವುದಿಲ್ಲ. ಅಷ್ಟರಲ್ಲಿ ಅರಿವಳಿಕೆ ತಜ್ಞರು ಗಂಟಲೊಳಗೆ ಕೊಳವೆ ಇಳಿಸಿ ಉಸಿರಿನ ಹೊಣೆ ಹೊತ್ತುಬಿಡುತ್ತಾರೆ. ಐದು-ಹತ್ತು ನಿಮಿಷ ಕಳೆಯುತ್ತಲೇ ಸ್ನಾಯುಗಳು ತಾವಾಗಿಯೇ ಎಚ್ಚರಗೊಳ್ಳುತ್ತವೆ. ಇದಕ್ಕೆ ಯಾರೂ ಮರುಮದ್ದು ಕೊಟ್ಟಿರುವುದಿಲ್ಲ. ಹಾಗಾದರೆ ಆ ಔಷಧಿಯನ್ನು ಅಳಿಸಿದ್ದು ಯಾರು?

ಬ್ಯುಟಿರೈಲ್‌ಕೋಲಿನೆಸ್ಟರೇಸ್! ಹೆಸರು ನಾಲಿಗೆಗೆ ತೊಡಕು, ಕೆಲಸ ಮಾತ್ರ ಮಿಂಚು. ಯಕೃತ್ತಿನಲ್ಲಿ ಹುಟ್ಟಿ ರಕ್ತದ ಪ್ಲಾಸ್ಮಾದಲ್ಲಿ ಹಗಲಿರುಳು ಸುತ್ತುವ ಕಿಣ್ವ ಇದು. ಚುಚ್ಚುಮದ್ದಾಗಿ ಕೊಟ್ಟ ಸಕ್ಸಿನೈಲ್‌ಕೋಲಿನ್‌ನ ಸುಮಾರು ಶೇ. 90ರಷ್ಟನ್ನು ಅದು ಸ್ನಾಯುವನ್ನು ತಲುಪುವ ಮೊದಲೇ, ದಾರಿಯಲ್ಲೇ ಒಡೆದು ಹಾಕುತ್ತದೆ. ವೈದ್ಯರು ಕೊಡುವ ಪ್ರಮಾಣವೇ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದದ್ದು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿನ ಆ ಲೆಕ್ಕಾಚಾರವೆಲ್ಲ ನಿಂತಿರುವುದು ನಾವು ಹೆಸರನ್ನೂ ಕೇಳಿರದ ಒಂದು ಕಿಣ್ವದ ಭರವಸೆಯ ಮೇಲೆ!

ಆ ಭರವಸೆ ಕೆಲವರಲ್ಲಿ ಕೈಕೊಡುತ್ತದೆ ಎಂದು ತಿಳಿದದ್ದು 1950ರ ದಶಕದಲ್ಲಿ, ಈ ಔಷಧಿ ಬಳಕೆಗೆ ಬಂದ ಹೊಸತರಲ್ಲೇ. ಶಸ್ತ್ರಚಿಕಿತ್ಸೆ ಮುಗಿದು ಗಂಟೆಗಳಾದರೂ ಕೆಲವು ರೋಗಿಗಳಿಗೆ ಸ್ವಂತ ಉಸಿರು ಬರುತ್ತಿರಲಿಲ್ಲ. ಕೆನಡಾದಲ್ಲಿ ವರ್ನರ್ ಕ್ಯಾಲೋ ಇದರ ಬೆನ್ನು ಹತ್ತಿದರು. 1957ರಲ್ಲಿ ಅವರು ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಪರೀಕ್ಷೆ ಎಷ್ಟು ಸರಳವೆಂದರೆ ಇವತ್ತಿಗೂ ಓದುವಾಗ ಮೈ ಜುಮ್ಮೆನ್ನುತ್ತದೆ. ರಕ್ತದ್ರವಕ್ಕೆ ಡೈಬುಕೇನ್ ಎಂಬ ಸ್ಥಳೀಯ ಅರಿವಳಿಕೆ ಮದ್ದನ್ನು ಬೆರೆಸಬೇಕು. ಹೆಚ್ಚಿನವರ ಕಿಣ್ವ ಸುಮಾರು ಶೇ. 80ರಷ್ಟು ಸ್ತಬ್ಧವಾಗುತ್ತದೆ, ತೊಂದರೆಗೊಳಗಾದವರದು ಶೇ. 20ರಷ್ಟು ಮಾತ್ರ. ಇನ್ನೊಂದು ಗುಂಪು ಶೇ. 60ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ನಡುವಿನವರು ಯಾರು? ತಂದೆ-ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬದಲಾದ ವಂಶವಾಹಿ ಪಡೆದವರು! ಅನುವಂಶೀಯತೆ ಪ್ರನಾಳದಲ್ಲಿ ಅಂಕಿಯಾಗಿ ಕಂಡಿತು. ಒಬ್ಬರಿಗೆ ಹಿತವಾದ ಮದ್ದು ಇನ್ನೊಬ್ಬರಿಗೆ ಮುಳುವಾಗುವುದೇಕೆ ಎಂದು ವಂಶವಾಹಿಗಳಲ್ಲಿ ಹುಡುಕುವ ಫಾರ್ಮಕೋಜೆನೆಟಿಕ್ಸ್ ಎಂಬ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಕೆಲಸಗಳಲ್ಲಿ ಇದೂ ಒಂದು. ಆ ವಿಷಯದ ಮೊದಲ ಪುಸ್ತಕವನ್ನು 1962ರಲ್ಲಿ ಬರೆದವರೂ ಕ್ಯಾಲೋ ಅವರೇ.

ಆ ವಂಶವಾಹಿ ಬಿಸಿಎಚ್ಇ. ಇರುವುದು 3ನೇ ವರ್ಣತಂತುವಿನ ಉದ್ದ ತೋಳಿನಲ್ಲಿ. ಅದು ಬರೆಸುವುದು 574 ಅಮೈನೋ ಆಮ್ಲಗಳ ಸರಪಳಿಯನ್ನು. ಅಂಥ ನಾಲ್ಕು ಸರಪಳಿಗಳು ಕೂಡಿದರೆ ರಕ್ತದಲ್ಲಿ ತಿರುಗುವ ಕಿಣ್ವ ಸಿದ್ಧ. ಕ್ಯಾಲೋ ಕಂಡ ವ್ಯತ್ಯಾಸದ ಮೂಲ, 70ನೇ ಸ್ಥಾನದಲ್ಲಿ ಬದಲಾದ ಒಂದೇ ಒಂದು ಅಮೈನೋ ಆಮ್ಲ.

ಇನ್ನು ಈ ಕಥೆ ನಮ್ಮ ನೆಲಕ್ಕೆ ಬರುತ್ತದೆ. ಆಂಧ್ರ, ತೆಲಂಗಾಣ, ಕರ್ನಾಟಕ, ತಮಿಳುನಾಡುಗಳಲ್ಲಿ ನೆಲೆಸಿರುವ ವೈಶ್ಯ ಸಮುದಾಯದಲ್ಲಿ ಈ ಕಿಣ್ವದ ಕೊರತೆ ಬೇರೆಡೆಗಿಂತ ಹೆಚ್ಚು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಬೂಪತಿ ಮತ್ತು ಅಮೆರಿಕದ ನೆಬ್ರಾಸ್ಕಾದ ಒಕ್ಸಾನಾ ಲಾಕ್‌ರಿಜ್ ತಂಡ 2006ರಲ್ಲಿ ಅದರ ಕಾರಣ ಹುಡುಕಿತು: 307ನೇ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೊಲೀನ್ ಕೂತಿದೆ. ಡಿಎನ್ಎಯಲ್ಲಿ ಟಿ ಇದ್ದಲ್ಲಿ ಸಿ, ಅಷ್ಟೇ! ಇದರ ಹಿಂದೆ ಇರುವುದು ಇತಿಹಾಸ. ಸುಮಾರು ಎರಡು-ಮೂರು ಸಾವಿರ ವರ್ಷಗಳ ಹಿಂದೆ ಈ ಸಮುದಾಯದ ಪೂರ್ವಜರು ಸಣ್ಣ ಗುಂಪಾಗಿದ್ದರು, ಆಮೇಲೆ ತಮ್ಮೊಳಗೇ ಮದುವೆ ಸಂಬಂಧ ಬೆಳೆಸಿದರು ಎಂದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ಮತ್ತು ಹಾರ್ವರ್ಡ್‌ನ ತಳಿವಿಜ್ಞಾನಿಗಳು ತೋರಿಸಿದ್ದಾರೆ. ಯಾವುದೋ ಒಬ್ಬ ಪೂರ್ವಜನ ಮೈಯಲ್ಲಿ ತಿದ್ದಿಹೋದ ಒಂದು ಅಕ್ಷರ ಅಷ್ಟು ತಲೆಮಾರು ದಾಟಿ ಇವತ್ತಿನ ಆಪರೇಷನ್ ಥಿಯೇಟರಿಗೆ ಬಂದು ನಿಂತಿದೆ! ಸಮುದಾಯಕ್ಕೆ ಇದು ಕಳಂಕವೇನಲ್ಲ. ಒಳಮದುವೆಯ ಎಲ್ಲ ಗುಂಪುಗಳೂ ಇಂಥ ಒಂದಲ್ಲ ಒಂದು ಗುರುತನ್ನು ಹೊತ್ತಿವೆ.

ಎಲ್ಲಕ್ಕಿಂತ ನನ್ನನ್ನು ಬೆರಗಾಗಿಸುವ ಸಂಗತಿ ಬೇರೆಯೇ. ಈ ಕಿಣ್ವ ಪೂರ್ತಿ ಇಲ್ಲದವರೂ ಆರೋಗ್ಯವಾಗಿ ಬಾಳುತ್ತಾರೆ! ಹಾಗಿದ್ದರೆ ದೇಹ ಇದನ್ನು ಇಷ್ಟು ಧಾರಾಳವಾಗಿ ತಯಾರಿಸುವುದೇಕೆ? ನರ-ಸ್ನಾಯು ಸಂಧಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕವನ್ನು ಒಡೆಯುವುದು ಇದರ ಅಕ್ಕ, ಅಸಿಟೈಲ್‌ಕೋಲಿನೆಸ್ಟರೇಸ್. ಅಕ್ಕನ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಗಳು ಹುಟ್ಟುತ್ತಲೇ ಸಾಯಬೇಕಿತ್ತು. ಬದುಕಿದವು! ಆ ಕೆಲಸವನ್ನು ತಂಗಿ ಹೊತ್ತಿದ್ದಳು. ಹಸಿವಿನ ಹಾರ್ಮೋನ್ ಗ್ರೆಲಿನ್‌ನ ಮೇಲೂ ಇದರ ಕೈ ಇದೆ. ಕೊಕೇನನ್ನೂ ಇದು ಒಡೆಯುತ್ತದೆ. ಆರ್ಗನೋಫಾಸ್ಫರಸ್ ಕೀಟನಾಶಕ ಮೈಗೆ ಸೇರಿದಾಗಲಂತೂ ಹೊಲದ ಬದುವಿನಂತೆ ಅಡ್ಡ ನಿಲ್ಲುತ್ತದೆ. ಕಿಣ್ವದ ಒಂದೊಂದು ಸರಪಳಿ ಒಂದೊಂದು ವಿಷದ ಅಣುವನ್ನು ಹಿಡಿದು ತಾನು ನಿಷ್ಕ್ರಿಯವಾಗುತ್ತದೆ. ಕೀಟನಾಶಕ ಕುಡಿದವರು ಆಸ್ಪತ್ರೆಗೆ ಬಂದಾಗ ರಕ್ತದ ಕೋಲಿನೆಸ್ಟರೇಸ್ ಅಳೆಯುವುದು ಇದಕ್ಕಾಗಿಯೇ: ಮಟ್ಟ ಕುಸಿದಿದ್ದರೆ ವಿಷ ಒಳಹೊಕ್ಕಿರುವುದಕ್ಕೆ ಅದು ಸಾಕ್ಷಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಉಸಿರು ಮರಳುವುದು ತಡವಾಗಿ, ಗಂಟೆಗಟ್ಟಲೆ ವೆಂಟಿಲೇಟರಿನಲ್ಲಿ ಇಡಬೇಕಾಗಿ ಬಂದಿತ್ತೇ? ಹಾಗಿದ್ದರೆ ಅವರ ಒಡಹುಟ್ಟಿದವರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಮುಂದಿನ ಶಸ್ತ್ರಚಿಕಿತ್ಸೆಗೆ ಮೊದಲು ಈ ವಿಷಯವನ್ನು ಅರಿವಳಿಕೆ ವೈದ್ಯರಿಗೆ ನೀವಾಗಿಯೇ ಹೇಳಿ. ಈ ಕಿಣ್ವದ ಹಂಗಿಲ್ಲದ ರೋಕ್ಯುರೋನಿಯಂನಂಥ ಬೇರೆ ಔಷಧಿ ಅವರ ಬಳಿ ಇದೆ.