ಮಲಗಿ ತುಳಿಯುವ ಸೈಕಲ್‌ಗೆ ಕಳ್ಳರ ಕಾಟ ಕಡಿಮೆಯೇ?

ಆರಾಮ ಕುರ್ಚಿಗೆ ಎರಡು ಚಕ್ರ ಸಿಕ್ಕಿಸಿದಂತೆ ಕಾಣುವ ಸೈಕಲ್ ಅದು. ಸವಾರ ಬೆನ್ನನ್ನು ಹಿಂದಕ್ಕೆ ಒರಗಿಸಿ, ಕಾಲು ಮುಂದಕ್ಕೆ ಚಾಚಿ ಪೆಡಲ್ ತುಳಿಯುತ್ತಾನೆ. ಹೆಸರು ರಿಕಂಬೆಂಟ್. ನೆದರ್ಲೆಂಡ್ಸ್, ಜರ್ಮನಿಯ ಸೈಕಲ್ ದಾರಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಸಿಗುತ್ತದೆ. ಇಷ್ಟು ವಿಚಿತ್ರವಾದದ್ದನ್ನು ಯಾರು ತಾನೇ ಕದಿಯುತ್ತಾರೆ ಎಂಬ ಧೈರ್ಯ ಇದನ್ನು ಇಟ್ಟುಕೊಂಡವರಲ್ಲಿ ಕೆಲವರಿಗಿದೆ.

ಈ ಧೈರ್ಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಅಷ್ಟಕ್ಕೂ ಈ ಸೈಕಲ್ ಅಪರೂಪವಾಗಿದ್ದು ಯಾರಿಗೂ ಬೇಡವಾಗಿ ಅಲ್ಲ. 1933ರ ಜುಲೈ 7ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಇಂಥದ್ದೇ ಸೈಕಲ್ ಮೇಲೆ ಒಂದು ಗಂಟೆಯಲ್ಲಿ 45.055 ಕಿ.ಮೀ. ಕ್ರಮಿಸಿ, 1914ರಿಂದ ಉಳಿದಿದ್ದ ದಾಖಲೆಯನ್ನು ಮುರಿದ. ಮರುವರ್ಷವೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಈ ವಿನ್ಯಾಸವನ್ನು ಸ್ಪರ್ಧೆಗಳಿಂದ ಹೊರಗಿಟ್ಟಿತು. ರೇಸ್‌ನಲ್ಲಿ ಇಲ್ಲದ ಸೈಕಲ್ ಅಂಗಡಿಗೂ ಹೆಚ್ಚಾಗಿ ಬರಲಿಲ್ಲ.

ಈಗ ಕಳ್ಳನ ಕಣ್ಣಿನಿಂದ ನೋಡೋಣ. ಅಪರಾಧಶಾಸ್ತ್ರಜ್ಞ ರೊನಾಲ್ಡ್ ಕ್ಲಾರ್ಕ್ 1999ರಲ್ಲಿ ಬ್ರಿಟನ್‌ನ ಗೃಹ ಇಲಾಖೆಗೆ ಬರೆದ ವರದಿಯಲ್ಲಿ, ಕೆಲವು ವಸ್ತುಗಳೇ ಪದೇ ಪದೇ ಕಳುವಾಗುವುದು ಏಕೆ ಎಂದು ವಿವರಿಸಿದ್ದರು. ಬಚ್ಚಿಡಲು, ಹೊತ್ತೊಯ್ಯಲು ಸುಲಭವಾಗಿರಬೇಕು, ಕೈಗೆ ಸಿಗುವಂತಿರಬೇಕು, ಬೆಲೆ ಬಾಳಬೇಕು, ಬಳಸಲು ಖುಷಿ ಕೊಡಬೇಕು, ಕೊನೆಗೆ ಸಲೀಸಾಗಿ ಮಾರಾಟವಾಗಬೇಕು. ಸಾಮಾನ್ಯ ಸೈಕಲ್ ಈ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್‌ನಲ್ಲೇ ಪಾಸ್!

ರಿಕಂಬೆಂಟ್ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಸಾಮಾನ್ಯ ಸೈಕಲ್ ಕದ್ದವನು ಬೀಗ ಮುರಿದು, ಹತ್ತಿ, ಹೊರಟುಬಿಡುತ್ತಾನೆ. ಇದನ್ನು ಅಭ್ಯಾಸವಿಲ್ಲದವರು ಹತ್ತಿದರೆ ಹತ್ತು ಮೀಟರ್ ನೆಟ್ಟಗೆ ಹೋಗುವುದೂ ಕಷ್ಟ. ತಳ್ಳಿಕೊಂಡು ಹೋದರೆ ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ.

ಮಾರುವುದು ಇನ್ನೂ ಕಷ್ಟ. ಕಪ್ಪು ಬಣ್ಣದ ಮಾಮೂಲಿ ಸೈಕಲ್ ಸಾವಿರಾರು ಸೈಕಲ್‌ಗಳ ನಡುವೆ ಕರಗಿಹೋಗುತ್ತದೆ. ರಿಕಂಬೆಂಟ್ ಕೊಳ್ಳುವವರೇ ಬೆರಳೆಣಿಕೆಯಷ್ಟು, ಅವರಲ್ಲೂ ಹಲವರು ಪರಸ್ಪರ ಪರಿಚಿತರು. ಕಳುವಾದ ಗಾಡಿಯ ಫೋಟೊ ಒಂದು ಸಂಜೆಯೊಳಗೆ ಅವರೆಲ್ಲರ ಮೊಬೈಲ್ ತಲುಪಿರುತ್ತದೆ.

ಆದರೆ ಕಳ್ಳ ಇಡೀ ಸೈಕಲ್ ಮಾರಲೇಬೇಕೆಂದೇನೂ ಇಲ್ಲ. 1948ರ ಇಟಾಲಿಯನ್ ಚಿತ್ರ ‘ಬೈಸಿಕಲ್ ಥೀವ್ಸ್’ ನೋಡಿದವರಿಗೆ ನೆನಪಿರಬಹುದು, ಸೈಕಲ್ ಕಳೆದುಕೊಂಡ ನಾಯಕ ಮತ್ತು ಗೆಳೆಯರು ರೋಮ್‌ನ ಮಾರುಕಟ್ಟೆಯಲ್ಲಿ ಟೈರು, ಬೆಲ್ಲು, ಫ್ರೇಮ್‌ಗಳನ್ನು ಬಿಡಿಬಿಡಿಯಾಗಿ ಹುಡುಕುತ್ತಾರೆ. ರಿಕಂಬೆಂಟ್‌ನ ಫ್ರೇಮ್ ವಿಚಿತ್ರವಾದರೂ ಅದರ ಗೇರ್, ಡಿಸ್ಕ್ ಬ್ರೇಕ್, ಲೈಟ್‌ಗಳು ಹೆಚ್ಚಾಗಿ ಬೇರೆ ಸೈಕಲ್‌ಗೂ ಹೊಂದುವಂಥವೇ. ಬಿಚ್ಚಿದ ಮೇಲೆ ಗುರುತು ಹಿಡಿಯುವವರಿಲ್ಲ. (ಪಿಜಿಯಲ್ಲಿದ್ದಾಗ ನನ್ನ ಸೈಕಲ್‌ನ ಸೀಟ್ ಮಾತ್ರ ಮಾಯವಾಗಿತ್ತು. ಬೀಗ ಹಾಕಿದ್ದು ಹಾಗೆಯೇ ಇತ್ತು.)

ಮೋಜಿಗಾಗಿ ಕದಿಯುವವರಿಗಂತೂ ಮಾರುಕಟ್ಟೆಯೇ ಬೇಡ. ಪ್ಯಾರಿಸ್ 2007ರಲ್ಲಿ ವೆಲಿಬ್ ಎಂಬ ಬಾಡಿಗೆ ಸೈಕಲ್ ಯೋಜನೆ ಆರಂಭಿಸಿತು. ಬೂದು ಬಣ್ಣದ, ಭಾರವಾದ, ದೂರದಿಂದಲೇ ಗುರುತು ಸಿಗುವ ಸೈಕಲ್‌ಗಳು. ಆದರೂ ಮೊದಲ ಕೆಲವೇ ವರ್ಷಗಳಲ್ಲಿ ಸಾವಿರಾರು ಕಾಣೆಯಾದವು, ಕೆಲವು ಸೇನ್ ನದಿಯ ತಳದಲ್ಲಿ ಸಿಕ್ಕವು.

ಲೆಕ್ಕದಲ್ಲೂ ಒಂದು ಮೋಸವಿದೆ. ರಿಕಂಬೆಂಟ್ ಕಳುವಿನ ಸುದ್ದಿ ಕಡಿಮೆ ಕೇಳಿಬರಲು ಮೊದಲ ಕಾರಣ, ರಿಕಂಬೆಂಟ್‌ಗಳೇ ಕಡಿಮೆ ಇರುವುದು. ಎಷ್ಟು ಕಳುವಾದವು ಎಂಬುದಲ್ಲ, ನೂರಕ್ಕೆ ಎಷ್ಟು ಎಂಬುದು ಮುಖ್ಯ. ಇನ್ನೊಂದು, ಸಾವಿರಾರು ಯೂರೊ ಕೊಟ್ಟು ತಂದವರು ಅದನ್ನು ರಾತ್ರಿ ರೈಲು ನಿಲ್ದಾಣದ ಹೊರಗೆ ಬಿಟ್ಟು ಹೋಗುವುದಿಲ್ಲ, ಒಳ್ಳೆಯ ಬೀಗ ಹಾಕುತ್ತಾರೆ, ಆದಷ್ಟೂ ಮನೆಯೊಳಗೆ ಇಡುತ್ತಾರೆ. ಅದರ ಶ್ರೇಯಸ್ಸು ಆಕಾರಕ್ಕೆ ಹೋಗುತ್ತದೆ, ಅಷ್ಟೇ. ನಿಜ ಹೇಳಬೇಕೆಂದರೆ ಆ ಆಕಾರ ಬೀಗದ ವಿಷಯದಲ್ಲಿ ಅನನುಕೂಲವೇ. ಸಾಮಾನ್ಯ ಸೈಕಲ್‌ನ ತ್ರಿಕೋನ ಫ್ರೇಮ್‌ನೊಳಗೆ ಡಿ-ಲಾಕ್ ತೂರಿಸಿ ಕಂಬಕ್ಕೆ ಬಿಗಿಯಬಹುದು. ಹಲವು ರಿಕಂಬೆಂಟ್‌ಗಳಲ್ಲಿ ಆ ತ್ರಿಕೋನವೇ ಇರುವುದಿಲ್ಲ. ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ, ಚಕ್ರ ಬಿಟ್ಟು ಉಳಿದದ್ದು ಹೋಗಬಹುದು.

ನಮ್ಮ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟ್‌ನಲ್ಲಿ ನಿಂತಿರುವುದು ಮಾಮೂಲಿ ಸೈಕಲ್‌ಗಳೇ. ಅಂಥವರು ಗಮನಿಸಬೇಕಾದ ಅಂಶವೊಂದು ಕಾನೂನಿನಲ್ಲಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕ್ರಿಮಿನಲ್ ಕಾನೂನುಗಳ ಪ್ರಕಾರ, ಕಳುವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ.

ಹಾಗಾಗಿ ಕೊಂಡ ಬಿಲ್ ಬಿಸಾಡಬೇಡಿ, ಬೆಲೆ ಸಾಬೀತುಪಡಿಸಲು ಅದೇ ಆಧಾರ. ಇವತ್ತೇ ಸೈಕಲ್ ತಲೆಕೆಳಗೆ ಮಾಡಿ ನೋಡಿ. ಎರಡು ಪೆಡಲ್‌ಗಳ ನಡುವಿನ ಕೊಳವೆಯ ತಳದಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಒತ್ತಿರುತ್ತದೆ. ಧೂಳು ಒರೆಸಿ ಅದರದೊಂದು ಫೋಟೊ, ಇಡೀ ಸೈಕಲ್‌ನದೊಂದು ಫೋಟೊ ತೆಗೆದಿಟ್ಟುಕೊಳ್ಳಿ.